ಚಳಿಗಾಲ, ತಣ್ಣನೆ ಮನೆ, ಆಫ್ರಿಕನ್ ವಯಲೆಟ್: ನೀರು ಎಷ್ಟು, ಯಾವಾಗ?

ಬಾಳೆಹೊನ್ನೂರು ಹಿತ್ತಲು

ಎಲ್ಲರಿಗೂ ನಮಸ್ಕಾರ. ನಮ್ಮದು ಹಳೇ ಹೆಂಚಿನ ಮನೆ. ಸುತ್ತ ತೋಟ, ಎದುರಿಗೇ ದೊಡ್ಡ ಹಲಸಿನ ಮರ. ಬಿಸಿಲು ಒಳಗೆ ಬರುವುದೇ ಕಡಿಮೆ. ಈಗ ಡಿಸೆಂಬರ್‌ನಲ್ಲಿ ಗೋಡೆಯ ಥರ್ಮಾಮೀಟರ್ ಬೆಳಗಿನ ಜಾವ 15 ಡಿಗ್ರಿ ತೋರಿಸುತ್ತದೆ. ಮಧ್ಯಾಹ್ನ 22, 23. ಅದಕ್ಕಿಂತ ಮೇಲೆ ಹೋಗುವುದಿಲ್ಲ.

ಜಗಲಿ ಪಕ್ಕದ ಕೋಣೆಯ ಕಿಟಕಿಯಲ್ಲಿ ಆಫ್ರಿಕನ್ ವಯಲೆಟ್ ಇಟ್ಟಿದ್ದೇನೆ. ಒಂದು ನೇರಳೆ, ಒಂದು ಬಿಳಿ, ಇನ್ನೊಂದು ಗುಲಾಬಿ ಅಂಚಿನದು. ದೀಪಾವಳಿವರೆಗೂ ಚೆನ್ನಾಗಿ ಹೂ ಬಿಟ್ಟವು. ಈಗ ನೇರಳೆ ಗಿಡದ ಎಲೆಗಳೆಲ್ಲ ಪಾಟ್‌ನ ಅಂಚಿಗೆ ಜೋತು ಬಿದ್ದಿವೆ. ಮುಟ್ಟಿದರೆ ಬಿರುಸಿಲ್ಲ, ಮೆತ್ತಗಿವೆ. ಮಣ್ಣು ಮಾತ್ರ ಒದ್ದೆಯಾಗಿಯೇ ಇದೆ. ಬಿಳಿ ಗಿಡದ್ದು ಬೇರೆ ಕಥೆ. ಎಲೆ ಗಟ್ಟಿ ಇದೆ, ಆದರೆ ಮೇಲೆ ತಿಳಿಹಳದಿ ಉಂಗುರಗಳು ಮೂಡಿವೆ.

ನರ್ಸರಿಯವರು ದಿನ ಬಿಟ್ಟು ದಿನ ನೀರು ಹಾಕಿ ಅಂದಿದ್ದರು. ಅತ್ತೆ ನೋಡಿ, "ಬಾಡಿದೆ ಅಲ್ವಾ, ನೀರು ಸಾಲ್ತಿಲ್ಲ" ಅಂತಾರೆ. ಮಣ್ಣು ಒದ್ದೆ ಇರುವಾಗ ಇನ್ನೂ ಹಾಕುವುದು ಸರಿಯಾ ಅಂತ ನನಗೆ ಅನುಮಾನ. ನಮ್ಮ ಕಡೆಯ ತಣ್ಣನೆ ಮನೆಗಳಲ್ಲಿ ಬೆಳೆಸುವವರು ದಯವಿಟ್ಟು ಹೇಳಿ.

ಮೂಡಿಗೆರೆ ಕಾಫಿಕಣ

ಅಕ್ಕ, ಇವತ್ತು ನೀರು ಹಾಕಬೇಡಿ. ನಾಳೆಯೂ ಬೇಡ.

ಮಣ್ಣು ಒದ್ದೆ ಇದ್ದೂ ಎಲೆ ಬಾಡಿದೆ ಅಂದ್ರೆ ನೀರಿನ ಕೊರತೆ ಅಲ್ಲ. ನೀರು ಇದೆ, ಅದನ್ನು ಎಳೆದುಕೊಳ್ಳಲು ಬೇರು ಇಲ್ಲ. ಕಷ್ಟ ಏನಂದ್ರೆ, ನೀರಿಲ್ಲದ ಗಿಡವೂ ಬೇರು ಕೊಳೆತ ಗಿಡವೂ ನೋಡಲು ಒಂದೇ ಥರ. ಹಾಗಾಗಿ ಎಲೆ ನೋಡಿ ತೀರ್ಮಾನ ಮಾಡಬೇಡಿ, ಪಾಟ್ ಎತ್ತಿ ನೋಡಿ. ಹಗುರವಾಗಿದ್ದು ಎಲೆ ಬಾಡಿದ್ದರೆ ನೀರು ಕೊಡಿ, ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಭಾರವಾಗಿದ್ದು ಎಲೆ ಬಾಡಿದ್ದರೆ ಒಂದು ಹನಿಯೂ ಬೇಡ.

ಈ ಗಿಡಕ್ಕೆ ಹಿತವಾದ ಶಾಖ 18ರಿಂದ 24 ಡಿಗ್ರಿ. 15ರ ಆಸುಪಾಸಿಗೆ ಇಳಿದರೆ ಬೆಳವಣಿಗೆ ನಿಂತ ಹಾಗೇ. 10ಕ್ಕಿಂತ ಕೆಳಗೆ ಹೋದರೆ ಗಿಡಕ್ಕೇ ಪೆಟ್ಟು. ಬೇರು ತಣ್ಣಗಾದಾಗ ನೀರು ಎಳೆಯುವುದು ಕಡಿಮೆ, ಎಲೆಯಿಂದ ಆವಿಯಾಗಿ ಹೋಗುವುದೂ ಕಡಿಮೆ. ಬೆಳಿಗ್ಗೆ ಮಂಜು ಮುಚ್ಚಿರುವ ಮನೆಯಲ್ಲಿ ಮಣ್ಣಿನಿಂದಲೂ ಆವಿಯಾಗುವುದಿಲ್ಲ. ಏಪ್ರಿಲ್‌ನಲ್ಲಿ ಮೂರು ನಾಲ್ಕು ದಿನಕ್ಕೆ ಒಣಗುವ ಪಾಟ್ ಈಗ ಹತ್ತು ದಿನ, ಕೆಲವೊಮ್ಮೆ ಎರಡು ವಾರ ಒದ್ದೆ ಇರುತ್ತದೆ. ಅದರ ಮೇಲೆ ದಿನ ಬಿಟ್ಟು ದಿನ ನೀರು ಬಿದ್ದರೆ ಬೇರಿಗೆ ಗಾಳಿ ಎಲ್ಲಿಂದ ಬರಬೇಕು?

ಗಾಳಿ ಇಲ್ಲದ ತಣ್ಣನೆ ಒದ್ದೆಯಲ್ಲಿ ಪಿಥಿಯಮ್, ಫೈಟಾಫ್ತೊರಾ ಅನ್ನುವ, ಬೇರು ಕೊಳೆಸುವ ಶಿಲೀಂಧ್ರದಂಥ ಜೀವಿಗಳು ಸೇರಿಕೊಳ್ಳುತ್ತವೆ. ಫೈಟಾಫ್ತೊರಾ ತೋಟದವರಿಗೆ ಹೊಸದಲ್ಲ. ಅಡಿಕೆಗೆ ಬರುವ ಕೊಳೆರೋಗ, ಮೆಣಸಿನ ಬಳ್ಳಿಗೆ ಬರುವ ಸೊರಗು ರೋಗ ಎರಡಕ್ಕೂ ಕಾರಣ ಅದೇ ಗುಂಪಿನ ಜೀವಿಗಳು. ಮೆಣಸಿನ ಬುಡದಲ್ಲಿ ನೀರು ನಿಲ್ಲಬಾರದು ಅಂತ ನಾವು ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುತ್ತೇವಲ್ಲ, ಕಾರಣ ಇದೇ.

ಈಗ ನೇರಳೆ ಗಿಡವನ್ನು ಪಾಟ್‌ನಿಂದ ಮೆಲ್ಲಗೆ ಹೊರಗೆ ತೆಗೆಯಿರಿ. ಪಾಟ್ ಓರೆ ಮಾಡಿ, ತಳಕ್ಕೆ ತಟ್ಟಿ, ಅಂಗೈ ಮೇಲೆ ಇಳಿಸಿಕೊಳ್ಳಿ. ಬೇರು ಬೆಳ್ಳಗೆ, ಗಟ್ಟಿಯಾಗಿ ಇದ್ದರೆ ಗಿಡ ಬದುಕಿದೆ. ಕಂದು ಬಣ್ಣಕ್ಕೆ ತಿರುಗಿ, ಎರಡು ಬೆರಳಲ್ಲಿ ಹಿಡಿದು ಎಳೆದಾಗ ಮೇಲಿನ ಸಿಪ್ಪೆ ಜಾರಿ ಒಳಗಿನ ಎಳೆ ಮಾತ್ರ ಉಳಿದರೆ ಆ ಬೇರು ಸತ್ತಿದೆ. ಮಧ್ಯದ ಸುಳಿಯನ್ನೂ ನೋಡಿ. ಎಳೆ ಎಲೆಗಳು ಬುಡದಲ್ಲಿ ಕಪ್ಪಾಗಿ, ಮುಟ್ಟಿದ ಕೂಡಲೇ ಕೈಗೆ ಬರುತ್ತವಾ? ನೋಡಿ ಬರೆಯಿರಿ. ಅದರ ಮೇಲೆ ಮುಂದಿನದ್ದು.

ಹಾಸನ ಬಾಲ್ಕನಿ

ಸರ್ ಹೇಳಿದ್ದು ಮಲೆನಾಡಿನ ಮನೆಗೆ ಸರಿ. ಆದರೆ ಇದನ್ನೇ ಓದಿ ಎಲ್ಲರೂ ಎರಡು ವಾರ ನೀರು ನಿಲ್ಲಿಸಿದರೆ ನಮ್ಮಂಥವರ ಗಿಡ ಒಣಗಿ ಹೋಗುತ್ತದೆ. ನಮ್ಮದು ಹಾಸನದಲ್ಲಿ ಮೂರನೇ ಮಹಡಿ, ಪೂರ್ವಕ್ಕೆ ಬಾಲ್ಕನಿ. ರಾತ್ರಿ ಚಳಿ ಇದ್ದೇ ಇದೆ. ಆದರೆ ಹತ್ತು ಗಂಟೆ ಆಯಿತು ಅಂದ್ರೆ ಬಿಸಿಲು ಗೋಡೆಗೆ ಬಡಿದು ಒಳಗೆ 27 ಆಗುತ್ತದೆ. ಜನವರಿ ಮಧ್ಯಾಹ್ನದ ಗಾಳಿ ತುಟಿ ಒಡೆಯುವಷ್ಟು ಒಣ. 3 ಇಂಚಿನ ಪಾಟ್ ನಾಲ್ಕೈದು ದಿನಕ್ಕೇ ಹಗುರ.

ಚಳಿಗಾಲ ಅಂತ ನೀರು ಕಡಿಮೆ ಮಾಡುವುದಲ್ಲ. ಮನೆ ತಣ್ಣಗಿದ್ದರೆ ಕಡಿಮೆ ಮಾಡಬೇಕು. ಎರಡೂ ಒಂದೇ ಅಲ್ಲ.

ಮೂಡಿಗೆರೆ ಕಾಫಿಕಣ

ನಿಮ್ಮ ಮಾತು ಒಪ್ಪಿದೆ. ದಿನದ ಲೆಕ್ಕ ಯಾರಿಗೂ ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಒಂದೇ ಕಿಟಕಿಯ ಎರಡು ಪಾಟ್ ಕೂಡ ಒಂದೇ ದಿನ ಒಣಗುವುದಿಲ್ಲ. ಗಾಜಿನ ಪಕ್ಕದ್ದು ಬೇರೆ, ಮೂಲೆಯದ್ದು ಬೇರೆ.

ಎತ್ತಿ ತೂಕ ನೋಡುವುದು ಅಭ್ಯಾಸ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ಊದುಬತ್ತಿ ಉರಿದ ಮೇಲೆ ಉಳಿಯುವ ಬಿದಿರು ಕಡ್ಡಿ ತೊಳೆದು, ಪಾಟ್‌ನ ಅಂಚಿನಲ್ಲಿ ತಳದವರೆಗೆ ಚುಚ್ಚಿ. ಐದು ನಿಮಿಷ ಬಿಟ್ಟು ತೆಗೆಯಿರಿ. ಕೆಳಗಿನ ತುದಿ ಕಪ್ಪಾಗಿ ಒದ್ದೆ ಬಂದರೆ ನೀರು ಬೇಡ. ಒಣಗಿ ಬಂದರೆ ಕೊಡಿ. ಮೇಲಿನ ಮಣ್ಣನ್ನು ಬೆರಳಲ್ಲಿ ಮುಟ್ಟಿ ನೋಡುವುದು ಚಳಿಯಲ್ಲಿ ಸಾಲದು. ಮೇಲೆ ಒಣಗಿ ಕೆಳಗೆ ಕೆಸರು ಇರುವುದೇ ಜಾಸ್ತಿ.

ಅರಸೀಕೆರೆ ತೆಂಗು

ಅದಕ್ಕೆ ಒಂದು ಸೇರಿಸುತ್ತೇನೆ. ಈಗ ನರ್ಸರಿಯಿಂದ ಬರುವ ಗಿಡಗಳೆಲ್ಲ ಬಹುಪಾಲು ಬರೀ ಕೋಕೋಪೀಟ್‌ನಲ್ಲಿ, ಅಂದ್ರೆ ತೆಂಗಿನ ನಾರಿನ ಪುಡಿಯಲ್ಲಿ ಇರುತ್ತವೆ. ಕೋಕೋಪೀಟ್ ಮೇಲ್ಮೈ ಬೇಗ ಒಣಗಿ ತಿಳಿಕಂದು ಆಗುತ್ತದೆ. ನೋಡಿದವರು ಒಣಗಿದೆ ಅಂತ ನೀರು ಹಾಕುತ್ತಾರೆ. ಒಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ನಮ್ಮ ಕಡೆ ತೆಂಗಿನ ನಾರು ಬಿಡಿಸುವ ಜಾಗದಲ್ಲಿ ಆ ಪುಡಿ ರಾಶಿ ಬಿದ್ದಿರುತ್ತದೆ. ಮಳೆ ನಿಂತು ಎಷ್ಟೋ ದಿನ ಆದ ಮೇಲೂ ಒಳಗೆ ಕೈ ಹಾಕಿದರೆ ತಣ್ಣಗೆ ಒದ್ದೆ ಹತ್ತುತ್ತದೆ.

ತಣ್ಣನೆ ಮನೆಗೆ ಬರೀ ಕೋಕೋಪೀಟ್ ಬೇಡವೇ ಬೇಡ. ಅರ್ಧ ಪರ್ಲೈಟ್ (ಕಾಯಿಸಿ ಅರಳಿಸಿದ ಹಗುರ ಬಿಳಿ ಕಲ್ಲಿನ ಹರಳು) ಹಾಕಿ. ಉಳಿದರ್ಧದಲ್ಲಿ ಕೋಕೋಪೀಟ್, ಸ್ವಲ್ಪ ವರ್ಮಿಕ್ಯುಲೈಟ್ (ಕಾಯಿಸಿ ಅರಳಿಸಿದ ಪದರ ಪದರ ಖನಿಜ). ಇಟ್ಟಿಗೆ ರೂಪದಲ್ಲಿ ಸಿಗುವ ಕೋಕೋಪೀಟ್ ನೆನೆಸಿ, ಆ ಕಂದು ನೀರು ಚೆಲ್ಲಿ, ಇನ್ನೆರಡು ಸಲ ತೊಳೆದು ಬಳಸಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ತೋಟದ ಕೆಂಪುಮಣ್ಣು, ಕೊಟ್ಟಿಗೆ ಗೊಬ್ಬರ ಹಾಕುವ ಆಸೆ ಬರುತ್ತದೆ, ಬೇಡ. ಈ ಗಿಡದ ಬೇರು ಕೂದಲಷ್ಟು ಸಣ್ಣ, ಗಟ್ಟಿ ಮಣ್ಣಿನಲ್ಲಿ ಉಸಿರು ಕಟ್ಟುತ್ತದೆ.

ಪಾಟ್ ದೊಡ್ಡದಿದ್ದರೂ ಇದೇ ತೊಂದರೆ. ಗಿಡದ ಒಟ್ಟು ಅಗಲದ ಮೂರನೇ ಒಂದು ಭಾಗದಷ್ಟು ಪಾಟ್ ಸಾಕು. 9 ಇಂಚು ಹರಡಿದ ಗಿಡಕ್ಕೆ 3 ಇಂಚಿನದು.

ಕೊಪ್ಪ ಮಳೆಹನಿ

ಬಿಳಿ ಗಿಡದ ಉಂಗುರದ ಬಗ್ಗೆ ಯಾರೂ ಹೇಳಲಿಲ್ಲ. ಅದು ರೋಗ ಅಲ್ಲ ಅಕ್ಕ, ಪಕ್ಕದ ಗಿಡಕ್ಕೆ ಹರಡುವುದೂ ಇಲ್ಲ. ಎಲೆ ಮೇಲೆ ತಣ್ಣೀರು ಬಿದ್ದ ಗುರುತು.

ಎಲೆಗಿಂತ ನೀರು ಸುಮಾರು 8 ಡಿಗ್ರಿ ತಣ್ಣಗಿದ್ದರೆ ಸಾಕು. ಎಲೆಯ ಮೇಲ್ಸಿಪ್ಪೆಯ ಕೆಳಗೇ ಸಾಲಾಗಿ ನಿಂತಿರುವ ಜೀವಕೋಶಗಳು ಆ ಹಠಾತ್ ತಂಪಿಗೆ ಒಳಗೊಳಗೇ ಒಡೆಯುತ್ತವೆ. ಅವುಗಳಲ್ಲಿನ ಹಸಿರು ಹೋಗುತ್ತದೆ. ಹನಿ ಕೂತ ಕಡೆ ಉಂಗುರ, ಹನಿ ಹರಿದ ಕಡೆ ಗೆರೆ. ಎಲೆಯನ್ನು ಬೆಳಕಿಗೆ ಹಿಡಿದರೆ ನೀರು ಯಾವ ದಾರಿಯಲ್ಲಿ ಇಳಿಯಿತು ಅಂತ ಗೊತ್ತಾಗುತ್ತದೆ. ಆ ಗುರುತು ಮತ್ತೆ ಹಸಿರಾಗುವುದಿಲ್ಲ. ಎಲೆ ಕೆಲಸ ಮಾಡುತ್ತಿರುತ್ತದೆ, ಸುಮ್ನೆ ಕೀಳಬೇಡಿ.

ನಮ್ಮ ಕಡೆ ನೀರು ಎಲ್ಲಿಂದ ಬರುತ್ತದೆ ಅನ್ನುವುದು ಇಲ್ಲಿ ಮುಖ್ಯ. ಮಾಡಿನ ಮೇಲಿನ ಟ್ಯಾಂಕ್ ನೀರು ಡಿಸೆಂಬರ್ ಬೆಳಿಗ್ಗೆ ಕೈ ಕೊರೆಯುತ್ತದೆ. ಗುಡ್ಡದಿಂದ ಪೈಪ್‌ನಲ್ಲಿ ಬರುವ ಅಬ್ಬಿ ನೀರೂ ಅಷ್ಟೇ. ಬಾವಿ ನೀರು ಮಾತ್ರ ಆ ಹೊತ್ತಿಗೆ ಬೆಚ್ಚಗಿರುತ್ತದೆ, ನೆಲದಾಳದ ಶಾಖ ವರ್ಷವಿಡೀ ಹೆಚ್ಚು ಏರುಪೇರಾಗುವುದಿಲ್ಲವಲ್ಲ. ಬಾವಿ ಇದ್ದವರು ಸೇದಿದ ಕೂಡಲೇ ಹಾಕಬಹುದು.

"ಹಿಂದಿನ ರಾತ್ರಿ ನೀರು ಹಿಡಿದು ಕೋಣೆಯಲ್ಲೇ ಇಡಿ" ಅಂತ ಎಲ್ಲರೂ ಹೇಳುತ್ತಾರೆ. ಸರಿಯೇ, ಆದರೆ ಅರ್ಧ ಮಾತ್ರ ಸರಿ. ಬೆಳಿಗ್ಗೆ ಆರಕ್ಕೆ ಕೋಣೆ 15 ಇದ್ದರೆ ನೀರೂ 15, ಎಲೆಯೂ 15. ಹನ್ನೊಂದು ಗಂಟೆಗೆ ಕಿಟಕಿ ಬಿಸಿಲು ಬಿದ್ದ ಎಲೆ 25 ದಾಟಿರುತ್ತದೆ. ಕೊಡದ ನೀರು ಅಷ್ಟು ಬೇಗ ಬೆಚ್ಚಗಾಗುವುದಿಲ್ಲ, ಇನ್ನೂ 17ರಲ್ಲೇ ಇರುತ್ತದೆ. ಆಗ ಹಾಕಿದರೆ ಉಂಗುರ ಖಂಡಿತ. ಅದಕ್ಕೇ ಆ ನೀರಿಗೆ ಬಚ್ಚಲ ಹಂಡೆಯಿಂದ ಒಂದು ಚೊಂಬು ಬಿಸಿನೀರು ಬೆರೆಸಿ. ಮಣಿಕಟ್ಟಿನ ಮೇಲೆ ಹಾಕಿಕೊಂಡರೆ ಬಿಸಿ ಅನ್ನಿಸಬಾರದು, ಚಳುಕೂ ಅನ್ನಿಸಬಾರದು.

ನೀರು ಆದಷ್ಟು ಎಲೆಗೆ ತಾಗಿಸಬೇಡಿ, ಸುಳಿಗಂತೂ ಬೇಡವೇ ಬೇಡ. ಚಳಿಯಲ್ಲಿ ಸುಳಿಯೊಳಗೆ ನಿಂತ ನೀರು ಆರುವುದಿಲ್ಲ. ಅಕಸ್ಮಾತ್ ಬಿದ್ದರೆ ಹಳೇ ಹತ್ತಿ ಬಟ್ಟೆಯ ತುದಿಯನ್ನು ಹುರಿ ಮಾಡಿ ಅದ್ದಿ ಹೀರಿಸಿ.

ಸಕಲೇಶಪುರ ಘಾಟಿ

ಇಷ್ಟೆಲ್ಲ ಯಾಕೆ? ಬತ್ತಿ ನೀರಾವರಿ ಮಾಡಿ. ಕೆಳಗೆ ಡಬ್ಬದಲ್ಲಿ ನೀರು, ಪಾಟ್ ತಳದಿಂದ ಒಂದು ದಾರ. ಗಿಡ ಬೇಕಾದಷ್ಟು ತಾನೇ ಎಳೆದುಕೊಳ್ಳುತ್ತದೆ. ನಾವು ಊರಿಗೆ ಹೋದರೂ ಚಿಂತೆ ಇಲ್ಲ.

ಮೂಡಿಗೆರೆ ಕಾಫಿಕಣ

ಬೇಸಿಗೆಯಲ್ಲಿ ಬತ್ತಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ನಾನೂ ಬಳಸುತ್ತೇನೆ. ಆದರೆ "ಬೇಕಾದಷ್ಟು ತಾನೇ" ಅನ್ನುವ ಮಾತು ಪೂರ್ತಿ ಸರಿಯಲ್ಲ. ನೀರು ಎಳೆಯುವುದು ಗಿಡ ಅಲ್ಲ, ದಾರ. ಮಣ್ಣಿನಲ್ಲಿ ಜಾಗ ಇರುವವರೆಗೂ ದಾರ ಏರಿಸುತ್ತಲೇ ಇರುತ್ತದೆ, ಗಿಡ ಕುಡಿಯಲಿ ಬಿಡಲಿ. ತಣ್ಣನೆ ಮನೆಯಲ್ಲಿ ಗಿಡ ಕುಡಿಯುವುದು ನಿಂತಿರುತ್ತದೆ, ದಾರ ನಿಂತಿರುವುದಿಲ್ಲ. ಜೊತೆಗೆ ಡಬ್ಬದ ನೀರು ರಾತ್ರಿಯೆಲ್ಲ ತಣ್ಣಗಾಗಿ ಬೇರಿಗೆ ಅದೇ ಏರುತ್ತದೆ.

ಸಕಲೇಶಪುರ ಘಾಟಿ

ನಮ್ಮಲ್ಲಿ ಹೀಗಾಗಿಲ್ಲ ಸರ್. ಸಕಲೇಶಪುರದಲ್ಲೂ ಚಳಿ ಕಡಿಮೆ ಏನಲ್ಲ. ನಾನು ಎರಡು ಭಾಗ ಪರ್ಲೈಟ್‌ಗೆ ಒಂದು ಭಾಗ ಕೋಕೋಪೀಟ್ ಹಾಕುತ್ತೇನೆ. ದಾರ ನೈಲಾನ್‌ದು, ತೆಳ್ಳಗಿನದು, ಒಂದೇ ಎಳೆ. ಹತ್ತಿ ದಾರ ಹಾಕಿದರೆ ಅದೇ ಕೊಳೆಯುತ್ತದೆ. ರಾತ್ರಿ ಗಿಡಗಳನ್ನು ಒಳಕೋಣೆಗೆ ತರುತ್ತೇನೆ, ಅಲ್ಲಿ 18ಕ್ಕಿಂತ ಕೆಳಗೆ ಹೋಗುವುದಿಲ್ಲ.

ಮೂಡಿಗೆರೆ ಕಾಫಿಕಣ

ಹಾಗಾದರೆ ನಿಮ್ಮದು ನಡೆಯುತ್ತದೆ. ಅಷ್ಟು ಪರ್ಲೈಟ್ ಇದ್ದರೆ ಬೇರಿನ ಸುತ್ತ ಗಾಳಿ ಉಳಿಯುತ್ತದೆ, 18 ಇದ್ದರೆ ಬೇರು ಕೆಲಸವನ್ನೂ ಮಾಡುತ್ತಿರುತ್ತದೆ. ಬಾಳೆಹೊನ್ನೂರಿನ ಅಕ್ಕನಿಗೆ 15, ನರ್ಸರಿ ಗಿಡ ಆದ್ದರಿಂದ ಬಹುಶಃ ಬರೀ ಕೋಕೋಪೀಟ್. ಅಲ್ಲಿ ಬತ್ತಿ ಹಾಕಿಸಬೇಡಿ. ಇರುವ ಬತ್ತಿ ತೆಗೆಯಲು ಮನಸ್ಸಿಲ್ಲದವರು ಡಬ್ಬ ಖಾಲಿಯಾದ ಮೇಲೆ ಪಾಟ್ ಹಗುರಾಗುವವರೆಗೂ ಮತ್ತೆ ತುಂಬಬೇಡಿ.

ಹಾಸನ ಬಾಲ್ಕನಿ

ನೀರಿನ ಗುಣದ ಬಗ್ಗೆಯೂ ಒಂದು ಮಾತು. ಮಲೆನಾಡಿನವರ ಅಬ್ಬಿ ನೀರು, ಬಾವಿ ನೀರು ಮೃದು. ಹಾಸನದ ಬಯಲು ಕಡೆ, ಅರಸೀಕೆರೆ, ಕಡೂರು ಕಡೆ ಬೋರ್‌ವೆಲ್ ನೀರು ಗಡಸು. ಪಾಟ್ ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟುತ್ತದೆ. ಎಲೆಯ ತೊಟ್ಟು ಆ ಅಂಚಿಗೆ ತಾಗಿ ತಾಗಿ, ತಾಗಿದ ಕಡೆಯೇ ಕಂದು ಬಣ್ಣವಾಗಿ ಮುರಿದು ಬೀಳುತ್ತದೆ. ಇದನ್ನೂ ಜನ ನೀರಿನ ಕೊರತೆ ಅಂದುಕೊಳ್ಳುತ್ತಾರೆ.

ಕೆಳಗಿನಿಂದ ನೀರು ಕುಡಿಸುವವರಿಗೆ ಇದು ಇನ್ನೂ ಜಾಸ್ತಿ, ಯಾಕಂದ್ರೆ ಉಪ್ಪು ಮೇಲೆ ಬಂದು ನಿಲ್ಲುತ್ತದೆ. ತಿಂಗಳಿಗೊಮ್ಮೆ ಮೇಲಿನಿಂದ ಉಗುರುಬೆಚ್ಚಗಿನ ನೀರು ಧಾರಾಳವಾಗಿ ಹಾಕಿ, ತಳದಿಂದ ಹರಿದು ಹೋಗಲು ಬಿಡಬೇಕು. ಚಳಿಗಾಲದಲ್ಲಿ ಇದನ್ನು ಬಿಸಿಲಿರುವ ದಿನ ಬೆಳಿಗ್ಗೆ ಮಾತ್ರ ಮಾಡಿ. ಮೋಡ ಇದ್ದರೆ ಮುಂದಕ್ಕೆ ಹಾಕಿ. ಆರ್‌ಒ ಫಿಲ್ಟರ್ ನೀರು ಸಿಕ್ಕರೆ ಅದೇ ಒಳ್ಳೆಯದು. ಫಿಲ್ಟರ್‌ನ ಪಕ್ಕದ ಪೈಪ್‌ನಿಂದ ಹೊರಗೆ ಹೋಗುವ ನೀರನ್ನು ಹಾಕಬೇಡಿ, ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಕೋಟೆ ಬೀದಿ, ಚಿಕ್ಕಮಗಳೂರು

ನಾನು ಹೊಸಬ. ಇದು ಆಫ್ರಿಕಾ ಗಿಡ ಅಲ್ವಾ? ಚಳಿ ಆಗುತ್ತಿದ್ದರೆ ನೇರ ಬಿಸಿಲಿಗಿಟ್ಟು ಚೆನ್ನಾಗಿ ನೀರು ಹಾಕಿದರೆ ಸರಿಹೋಗುವುದಿಲ್ಲವಾ?

ಕೊಪ್ಪ ಮಳೆಹನಿ

ನೇರ ಬಿಸಿಲು ಬೇಡ, ಎಲೆ ಸುಡುತ್ತದೆ. ಆಫ್ರಿಕಾ ಅಂದ ಕೂಡಲೇ ಮರಳುಗಾಡು ಕಣ್ಣಿಗೆ ಬರುತ್ತದೆ. ಇದರ ತವರು ಬೇರೆಯೇ. ತಾಂಜಾನಿಯಾದ ಉಸಂಬರ ಬೆಟ್ಟಗಳು, ಅದರ ಸುತ್ತಲಿನ ಕಾಡು, ಕೀನ್ಯಾದ ಒಂದು ತುಂಡು. ಮಂಜು ಕವಿಯುವ ಮಳೆಕಾಡು. ಅಲ್ಲಿ ಇದು ಮರದ ನೆರಳಿನಲ್ಲಿ, ಪಾಚಿ ಕಟ್ಟಿದ ಬಂಡೆಯ ಸಂದಿನಲ್ಲಿ ಬೆಳೆಯುತ್ತದೆ. 1890ರ ದಶಕದಲ್ಲಿ ಜರ್ಮನರು ಅದೇ ಬೆಟ್ಟಗಳಲ್ಲಿ ಕಾಫಿ ತೋಟ ಮಾಡಿದ್ದರು ಅಂದ ಮೇಲೆ ಎಂಥ ಜಾಗ ಅಂತ ಚಿಕ್ಕಮಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಜರ್ಮನ್ ಅಧಿಕಾರಿ ವಾಲ್ಟರ್ ಫಾನ್ ಸೇಂಟ್ ಪಾಲ್ 1892ರಲ್ಲಿ ಈ ಗಿಡ ಕಂಡು ತಂದೆಗೆ ಕಳಿಸಿದರು. ಮರುವರ್ಷ ಹ್ಯಾನೋವರ್‌ನ ಹೆರೆನ್‌ಹೌಸೆನ್ ತೋಟದ ಹರ್ಮನ್ ವೆಂಡ್‌ಲ್ಯಾಂಡ್ ಇದನ್ನು ಸೇಂಟ್ ಪಾಲ್ ಹೆಸರಲ್ಲೇ ಸೇಂಟ್‌ಪಾಲಿಯಾ ಅಂತ ಕರೆದರು.

ಬಂಡೆಯ ಸಂದು ಅನ್ನುವುದನ್ನು ಗಮನಿಸಿ. ಗಾಳಿಯಲ್ಲಿ ತೇವ ಯಾವಾಗಲೂ ಇದೆ. ಬೇರಿನ ಬುಡದಲ್ಲಿ ನೀರು ನಿಲ್ಲುವುದು ಮಾತ್ರ ಇಲ್ಲ, ಬಿದ್ದದ್ದು ಹರಿದು ಹೋಗುತ್ತದೆ. ನಮ್ಮ ಚಳಿಗಾಲದ ಪಾಟ್‌ನಲ್ಲಿ ಆಗುವುದು ಇದರ ಉಲ್ಟಾ.

ಗಿಡಕ್ಕೆ ಚಳಿ ಆಗುತ್ತಿದ್ದರೆ ಜಾಗ ಬದಲಿಸಿ, ನೀರು ಜಾಸ್ತಿ ಮಾಡಬೇಡಿ. ರಾತ್ರಿ ಕಿಟಕಿಯ ಗಾಜಿನಿಂದ ಎರಡು ಅಡಿ ಒಳಗೆ ತನ್ನಿ. ಕಡಪ ಕಲ್ಲಿನ ಮೇಲೆ, ರೆಡ್‌ಆಕ್ಸೈಡ್ ನೆಲದ ಮೇಲೆ ನೇರವಾಗಿ ಇಡಬೇಡಿ, ಕೆಳಗೆ ಮರದ ಹಲಗೆಯೋ ಥರ್ಮಾಕೋಲ್ ಹಾಳೆಯೋ ಇರಲಿ. ಬರೀ ಇಷ್ಟರಿಂದಲೇ ಪಾಟ್‌ನ ತಳ ಬೆಚ್ಚಗಿರುತ್ತದೆ.

ಅರಸೀಕೆರೆ ತೆಂಗು

ಮಣ್ಣಿನ ಪಾಟ್ ಬಗ್ಗೆಯೂ ಕೇಳಬೇಕಿತ್ತು. ಬೇಗ ಒಣಗುತ್ತದೆ ಅಂತ ತಣ್ಣನೆ ಮನೆಗೆ ಅದೇ ಒಳ್ಳೆಯದು ಅಂತಾರೆ ಕೆಲವರು. ನನಗೆ ಸರಿ ಅನ್ನಿಸಿಲ್ಲ. ಒಣಗುವುದು ನಿಜ. ಆದರೆ ಗೋಡೆಯಿಂದ ನೀರು ಆವಿಯಾಗುವಾಗ ಪಾಟ್ ತಣ್ಣಗಾಗುತ್ತದೆ, ಮಡಕೆ ನೀರು ತಂಪಾಗುವುದು ಹಾಗೇ ಅಲ್ವಾ. 15 ಡಿಗ್ರಿ ಕೋಣೆಯಲ್ಲಿ ಬೇರಿಗೆ ಅದಕ್ಕಿಂತ ಕಡಿಮೆ ಸಿಗುತ್ತದೆ.

ಮೂಡಿಗೆರೆ ಕಾಫಿಕಣ

ನನ್ನ ಮತವೂ ಪ್ಲಾಸ್ಟಿಕ್‌ಗೇ. ಸಡಿಲ ಮಿಶ್ರಣ, ಸಣ್ಣ ಪ್ಲಾಸ್ಟಿಕ್ ಪಾಟ್, ತಳದಲ್ಲಿ ತೂತು ಜಾಸ್ತಿ.

ಬಾಳೆಹೊನ್ನೂರು ಹಿತ್ತಲು

ಎಲ್ಲ ಓದಿದೆ, ತುಂಬಾ ಉಪಕಾರ ಆಯಿತು. ನೇರಳೆ ಗಿಡ ಹೊರಗೆ ತೆಗೆದೆ. ತಳದ ಕೋಕೋಪೀಟ್ ಕಪ್ಪಾಗಿ ಹುಳಿ ವಾಸನೆ. ಕೆಳಗಿನ ಬೇರೆಲ್ಲ ಕಂದು, ಎಳೆದರೆ ಸಿಪ್ಪೆ ಕೈಗೆ ಬಂತು. ಮೇಲ್ಗಡೆ ಕಾಂಡದ ಹತ್ತಿರ ಒಂದಿಷ್ಟು ಬೆಳ್ಳಗಿನ ಬೇರು ಇದೆ. ಸುಳಿ ಗಟ್ಟಿ ಇದೆ, ಎಳೆ ಎಲೆ ಹಸಿರಾಗಿಯೇ ಇವೆ. ಗುಲಾಬಿ ಅಂಚಿನದರ ಬೇರು ಚೆನ್ನಾಗಿದೆ.

ಅತ್ತೆಗೂ ಬೇರು ತೋರಿಸಿದೆ. "ಇದು ಮೆಣಸಿನ ಬಳ್ಳಿ ಸೊರಗಿದಾಗ ಇರುವ ಬೇರೇ" ಅಂದರು. ಟ್ರೈಕೋಡರ್ಮಾ (ಬೇರು ಕೊಳೆಗೆ ಹಾಕುವ ಉಪಕಾರಿ ಶಿಲೀಂಧ್ರ) ಮನೆಯಲ್ಲಿದೆ, ಹಾಕಲಾ? ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಸಿಂಪಡಿಸಲಾ? ಬದುಕುತ್ತದಾ?

ಮೂಡಿಗೆರೆ ಕಾಫಿಕಣ

ಸುಳಿ ಗಟ್ಟಿ ಇದ್ದರೆ ಬದುಕುವ ಸಾಧ್ಯತೆ ಚೆನ್ನಾಗಿದೆ. ಹೀಗೆ ಮಾಡಿ.

ಹಳೇ ಕೋಕೋಪೀಟ್ ಎಲ್ಲ ಉದುರಿಸಿ. ಉಗುರುಬೆಚ್ಚಗಿನ ನೀರಲ್ಲಿ ಬೇರು ಮೆಲ್ಲಗೆ ಆಡಿಸಿ. ಕಂದು ಬೇರನ್ನು ಕತ್ತರಿಯಲ್ಲಿ ತೆಗೆದುಬಿಡಿ, ಕತ್ತರಿಯನ್ನು ಮೊದಲು ಸ್ಪಿರಿಟ್‌ನಲ್ಲಿ ಒರೆಸಿ. ಆಮೇಲೆ ಕಾಂಡದ ತಳ ಒಂದು ಚೂರು ಅಡ್ಡ ಕತ್ತರಿಸಿ ಒಳಗೆ ನೋಡಿ. ತಿಳಿಹಸಿರು ಇದ್ದರೆ ಅಲ್ಲಿಗೇ ನಿಲ್ಲಿಸಿ. ಮಧ್ಯೆ ಕಂದು ಚುಕ್ಕೆಯೋ ಉಂಗುರವೋ ಕಂಡರೆ ಇನ್ನೊಂದು ಚೂರು ಮೇಲೆ ಕತ್ತರಿಸಿ. ಕಂದು ಕಾಣದಷ್ಟು ಮೇಲಕ್ಕೆ ಹೋಗಬೇಕು. ಎಷ್ಟೇ ಸ್ವಲ್ಪ ಉಳಿದರೂ ಅಲ್ಲಿಂದಲೇ ಮತ್ತೆ ಕೊಳೆ ಏರುತ್ತದೆ, ಇದರಲ್ಲಿ ಕನಿಕರ ಬೇಡ. ಕೆಳಗಿನ ಹಳೇ ಎಲೆಗಳನ್ನೂ ಹೂಮೊಗ್ಗನ್ನೂ ತೆಗೆಯಿರಿ. ಇಷ್ಟು ಕಡಿಮೆ ಬೇರಿಗೆ ಅಷ್ಟು ಎಲೆ ಸಾಕಲು ಆಗುವುದಿಲ್ಲ.

ಸಣ್ಣ ಪ್ಲಾಸ್ಟಿಕ್ ಲೋಟಕ್ಕೆ ತೂತು ಮಾಡಿ, ಬರೀ ಪರ್ಲೈಟ್ ಅಥವಾ ಮುಕ್ಕಾಲು ಪರ್ಲೈಟ್ ಕಾಲು ಕೋಕೋಪೀಟ್ ಹಾಕಿ, ನೀರು ಚಿಮುಕಿಸಿ. ಹಿಡಿದು ಹಿಂಡಿದರೆ ಹನಿ ಬೀಳಬಾರದು, ಅಷ್ಟೇ ತೇವ. ಗಿಡ ನೆಟ್ಟು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟು ಬಾಯಿ ಕಟ್ಟಿ. ಒಳಗೆ ತೇವ ಉಳಿಯುವುದರಿಂದ ಎಲೆ ಬಾಡುವುದಿಲ್ಲ, ನೀರು ಹಾಕುವ ಪ್ರಮೇಯವೂ ಬರುವುದಿಲ್ಲ. ಎರಡು ದಿನಕ್ಕೊಮ್ಮೆ ಬಾಯಿ ಬಿಚ್ಚಿ ಗಾಳಿ ಆಡಿಸಿ.

ಮುಖ್ಯವಾದದ್ದು ಶಾಖ. 15 ಡಿಗ್ರಿಯಲ್ಲಿ ಬೇರು ಹೊರಡುವುದಿಲ್ಲ, 20ರ ಮೇಲೆ ಇದ್ದರೆ ಮೂರ್ನಾಲ್ಕು ವಾರದಲ್ಲಿ ಬರುತ್ತದೆ. ಮನೆಯಲ್ಲಿ ಹಳೇ ಫ್ರಿಜ್ ಇದ್ದರೆ ಅದರ ತಲೆ ಮೇಲೆ ಕೈ ಇಟ್ಟು ನೋಡಿ, ಬೆಚ್ಚಗಿದ್ದರೆ ಅಲ್ಲಿಡಿ. ಮೇಲೆ ಒಂದು ಎಲ್‌ಇಡಿ ಬಲ್ಬ್, ದಿನಕ್ಕೆ 12 ಗಂಟೆ. ರಾತ್ರಿ ಆರಿಸಲೇಬೇಕು, ಕತ್ತಲೆಯೂ ಬೇಕು ಇದಕ್ಕೆ. ಸೌದೆ ಒಲೆಯ ಹತ್ತಿರ ಬೇಡ, ಬೆಚ್ಚಗಿದ್ದರೂ ಹೊಗೆ ಒಳ್ಳೆಯದಲ್ಲ.

ಬೋರ್ಡೋ ಬೇಡ. ಕೊಳೆತ ಬೇರನ್ನು ಅದು ಗುಣ ಮಾಡುವುದಿಲ್ಲ, ರೋಮ ಇರುವ ಎಲೆ ಮೇಲೆ ನೀಲಿ ಕಲೆ ಉಳಿಯುತ್ತದೆ. ಟ್ರೈಕೋಡರ್ಮಾ ಮುಂದೆ ಹೊಸ ಮಿಶ್ರಣಕ್ಕೆ ಚೂರು ಸೇರಿಸಬಹುದು. ಅದು ಬರದಂತೆ ತಡೆಯುವುದಕ್ಕೆ, ಬಂದ ಮೇಲೆ ಔಷಧಿ ಅಲ್ಲ.

ಗುಲಾಬಿ ಅಂಚಿನದಕ್ಕೂ ಬಿಳಿಯದಕ್ಕೂ ಈಗ ಮಿಶ್ರಣ ಬದಲಿಸುವುದು ಬೇಡ. ನೀರು ನಿಲ್ಲಿಸಿ ಹಗುರಾಗಲು ಬಿಡಿ. ಆಮೇಲೆ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ, ಮಂಜು ಬಿಟ್ಟ ಮೇಲೆ, ತಟ್ಟೆಯಲ್ಲಿ ಅರ್ಧ ಇಂಚು ಉಗುರುಬೆಚ್ಚಗಿನ ನೀರು ಹಾಕಿ ಪಾಟ್ ಇಡಿ. ಮೇಲ್ಮಣ್ಣು ಕಪ್ಪಾಗಲು ಶುರುವಾದ ಕೂಡಲೇ ಎತ್ತಿ. ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ. ಪೂರ್ತಿ ಬಸಿದ ಮೇಲೆ ಜಾಗಕ್ಕೆ ವಾಪಸ್ ಇಡಿ. ತಟ್ಟೆಯಲ್ಲಿ ಉಳಿದ ನೀರು ಚೆಲ್ಲಿ. ಸಂಜೆ ನೀರು ಕೊಡಬೇಡಿ, ರಾತ್ರಿಯೆಲ್ಲ ಬೇರು ತಣ್ಣೀರಲ್ಲಿ ಕೂರುತ್ತದೆ.

ಕೊಪ್ಪ ಮಳೆಹನಿ

ತೆಗೆದ ಹಳೇ ಎಲೆಗಳನ್ನು ಎಸೆಯಬೇಡಿ ಅಕ್ಕ. ಬಾಡಿದವು ಬೇಡ, ಗಟ್ಟಿ ಇರುವ ಎರಡು ಮೂರು ಆರಿಸಿ. ತೊಟ್ಟು ಒಂದೂವರೆ ಇಂಚು ಉಳಿಸಿ ಓರೆಯಾಗಿ ಕತ್ತರಿಸಿ, ಅದೇ ಚೀಲದಲ್ಲಿ ಪಕ್ಕಕ್ಕೆ ಚುಚ್ಚಿಡಿ. ತಾಯಿಗಿಡ ಹೋದರೂ ಬಣ್ಣ ಉಳಿಯುತ್ತದೆ. ಮರಿಗಳು ಕಾಣಲು ಎರಡು ಮೂರು ತಿಂಗಳು ಬೇಕು, ಚಳಿಯಲ್ಲಿ ಇನ್ನೂ ತಡ.

ಕೋಟೆ ಬೀದಿ, ಚಿಕ್ಕಮಗಳೂರು

ಗೊಬ್ಬರ ಕೊಟ್ಟರೆ ಬೇಗ ಚೇತರಿಸಿಕೊಳ್ಳುವುದಿಲ್ಲವಾ? ನನ್ನ ಗಿಡದ ಎಲೆ ಮೇಲೆ ಬೂದಿ ಥರ ಬಿಳಿ ಪುಡಿಯೂ ಬಂದಿದೆ.

ಹಾಸನ ಬಾಲ್ಕನಿ

ಬೇರು ಇಲ್ಲದ ಗಿಡಕ್ಕೆ ಗೊಬ್ಬರ ಬೇಡವೇ ಬೇಡ. ಚೆನ್ನಾಗಿರುವ ಗಿಡಕ್ಕೂ ಚಳಿಯಲ್ಲಿ ಅರ್ಧಕ್ಕಿಂತ ಕಡಿಮೆ, ಬೆಳೆಯುತ್ತಿದ್ದರೆ ಮಾತ್ರ. ಯೂರಿಯಾ ಇರುವ ಗೊಬ್ಬರ ಈ ಕಾಲಕ್ಕೆ ಆಗುವುದಿಲ್ಲ. ಅದನ್ನು ಗಿಡಕ್ಕೆ ಹಿಡಿಸುವ ರೂಪಕ್ಕೆ ತರುವ ಸೂಕ್ಷ್ಮಜೀವಿಗಳು ತಣ್ಣನೆ ಮಣ್ಣಿನಲ್ಲಿ ಮಂದವಾಗಿರುತ್ತವೆ.

ಬಿಳಿ ಪುಡಿ ಬೂದಿರೋಗ. ರಾತ್ರಿ ತಂಪು, ತೇವ, ಗಾಳಿ ಆಡದ ಮೂಲೆ, ಇಷ್ಟು ಸೇರಿದರೆ ಬರುತ್ತದೆ. ಗಿಡಗಳನ್ನು ಒಂದಕ್ಕೊಂದು ತಾಗದಂತೆ ದೂರ ಇಡಿ. ಹಗಲು ಹೊತ್ತು ಕೋಣೆಯಲ್ಲಿ ಫ್ಯಾನ್ ಕಡಿಮೆಯಲ್ಲಿ ತಿರುಗಲಿ, ಗಿಡಕ್ಕೆ ನೇರ ಬಡಿಯಬಾರದು. ಜಾಸ್ತಿ ಹಿಡಿದ ಎಲೆ, ಹೂ ತೆಗೆದುಬಿಡಿ.

ಬಾಳೆಹೊನ್ನೂರು ಹಿತ್ತಲು

ಹೇಳಿದ ಹಾಗೇ ಮಾಡಿದೆ. ಎರಡನೇ ಸಲ ಕತ್ತರಿಸಿದ ಮೇಲೆ ಒಳಗೆ ಪೂರ್ತಿ ತಿಳಿಹಸಿರು ಕಂಡಿತು. ಈಗ ಚೀಲದಲ್ಲಿ, ಫ್ರಿಜ್ ಮೇಲೆ ಇದೆ. ಎಲೆಗಳನ್ನೂ ಚುಚ್ಚಿದ್ದೇನೆ. ಬಿಳಿ ಗಿಡದ ಪಾಟ್ ಇನ್ನೂ ಭಾರ ಇದೆ, ನೀರು ಮುಟ್ಟಿಸಿಲ್ಲ. ಮೊದಲಿನ ಹಾಗೆ ನೀರು ಕೊಡಲು ಯಾವಾಗ ಶುರು ಮಾಡಲಿ?

ಮೂಡಿಗೆರೆ ಕಾಫಿಕಣ

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅಂತಾರಲ್ಲ, ಹೆಚ್ಚುಕಮ್ಮಿ ಆಗ. ಆದರೆ ಹಬ್ಬ ನೋಡಿ ಹಾಕಬೇಡಿ, ಥರ್ಮಾಮೀಟರ್ ನೋಡಿ. ಬೆಳಗಿನ ಜಾವವೂ 18 ಇದ್ದು, ಸುಳಿಯಲ್ಲಿ ಹೊಸ ಎಲೆ ಕಂಡರೆ ಗಿಡ ಕುಡಿಯಲು ಶುರು ಮಾಡಿದೆ ಅಂತ. ಆಗ ಪಾಟ್ ತಾನಾಗಿಯೇ ಬೇಗ ಹಗುರಾಗುತ್ತದೆ. ಮಿಶ್ರಣ ಬದಲಿಸುವ ಕೆಲಸವನ್ನೂ ಆಗಲೇ ಮಾಡಿ.

ಸಕಲೇಶಪುರ ಘಾಟಿ

ಅಕ್ಕ, ನೇರಳೆ ಉಳಿಯದಿದ್ದರೆ ಯೋಚನೆ ಬೇಡ. ನನ್ನಲ್ಲಿ ಅದೇ ಬಣ್ಣದ್ದು ಇದೆ, ಎಲೆ ಕೊಡುತ್ತೇನೆ. ಈಗ ಕಳಿಸಿದರೆ ದಾರಿಯಲ್ಲಿ ಚಳಿ ಹೊಡೆಯುತ್ತದೆ. ಮಾರ್ಚ್‌ನಲ್ಲಿ ಕೇಳಿ.